ಪಾಠರಕ್ಷಣೆ: ಜಾಲದಲ್ಲಿಯೋ, ಸ್ವಂತ ಯಂತ್ರದಲ್ಲಿಯೋ?

ಹೊಸಪೇಟೆಯಲ್ಲಿ ಗಣಕವಿದ್ಯೆಯನ್ನು ಓದುತ್ತಿರುವ ತರುಣ ಮಿತ್ರರಿಬ್ಬರು ಈಚೆಗೆ ನನ್ನ ಮುಂದೆ ಒಂದು ವಾದವನ್ನು ತಂದರು. ಕಂಪ್ಲಿಯ ಸುತ್ತಿನ ಹಳ್ಳಿಗಳಲ್ಲಿ ಹಾಡುವವರ ಬಾಯಿಂದ ಬರೆದುಕೊಂಡ ಕುಮಾರರಾಮನ ಕಥೆಯ ಪಾಠಗಳನ್ನು ನಾವು ನಾಲ್ಕಾರು ಜನ ಸೇರಿ ಗಣಕಕ್ಕೆ ಇಳಿಸುತ್ತಿದ್ದೇವೆ. ಒಬ್ಬ ಹಾಡುಗಾರನ ಪಾಠ ಇನ್ನೊಬ್ಬನದರಂತಿಲ್ಲ. ನಮ್ಮಲ್ಲಿ ಒಬ್ಬನು ತಿದ್ದಿದ್ದನ್ನು ಮತ್ತೊಬ್ಬನು ಮರಳಿ ತಿದ್ದುತ್ತಾನೆ. ಯಾರು, ಯಾವಾಗ, ಏನನ್ನು, ಏತಕ್ಕಾಗಿ ಬದಲಿಸಿದರೆಂಬ ಲೆಕ್ಕವನ್ನಿಡುವ ಏರ್ಪಾಡಿಗೆ ಗಣಕದವರು ಸೋರ್ಸ್ ಕಂಟ್ರೋಲ್ ಎನ್ನುತ್ತಾರೆ. ಪಾಠರಕ್ಷಣೆ ಎಂದರೆ ನಮ್ಮ ಗ್ರಂಥಸಂಪಾದಕರಿಗೆ ಕೂಡಲೇ ಅರ್ಥವಾದೀತು. ಈ ಕೆಲಸವನ್ನು ಬ್ರೌಸರಿನಲ್ಲಿ ತೆರೆದ ಜಾಲಪುಟದ ಮೂಲಕವೇ ಮಾಡಬೇಕೆಂದು ಒಬ್ಬನ ಪಕ್ಷ. ಸ್ವಂತ ಯಂತ್ರದಲ್ಲಿ ಸ್ಥಾಪಿಸಿಕೊಂಡ ತಂತ್ರಾಂಶದಿಂದ ಮಾಡಬೇಕೆಂದು ಮತ್ತೊಬ್ಬನದು.

ಬರೆದ ಪದವನ್ನು ಅಳಿಸಲಿಲ್ಲವೆಂದು ಹೆಮ್ಮೆಪಟ್ಟ ಕುಮಾರವ್ಯಾಸನಿಗೆ ಇಂಥ ಏರ್ಪಾಡು ಬೇಕಿರಲಿಲ್ಲ. ಹಂಪೆಯ ವಿರೂಪಾಕ್ಷನ ಗುಡಿಯಲ್ಲಿ ಕೃಷ್ಣದೇವರಾಯನು ನಿಲ್ಲಿಸಿದ ಶಾಸನಕ್ಕೂ ಬೇಕಿಲ್ಲ. ಕಲ್ಲಿನಲ್ಲಿ ಒಂದಕ್ಷರವನ್ನು ತಿದ್ದಿದರೂ ಗಾಯ ತಾನಾಗಿ ಕಾಣುತ್ತದೆ. ಗಣಕದ ಅಕ್ಷರಕ್ಕೆ ಗಾಯವೇ ಆಗದು. ಅಳಿಸಿದ್ದರ ಗುರುತೂ ಉಳಿಯದು. ಈ ಕೊರತೆಗೆ ಮೊದಮೊದಲ ಪರಿಹಾರಗಳಲ್ಲೊಂದನ್ನು ೧೯೭೨ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು ರೂಪಿಸಿದರು. ೨೦೦೦ದಲ್ಲಿ ಆರಂಭವಾದ ಸಬ್‌ವರ್ಷನ್ನಿನಲ್ಲಿ ತಿದ್ದುಪಡಿಗಳ ಚರಿತ್ರೆಯೆಲ್ಲ ದೂರದ ಒಂದು ಯಂತ್ರದಲ್ಲಿರುತ್ತದೆ. ನಮ್ಮ ಬಳಿ ಸದ್ಯದ ಪ್ರತಿ ಮಾತ್ರ. ೨೦೦೫ರಲ್ಲಿ ಲಿನಸ್ ಟೋರ್ವಾಲ್ಡ್ಸ್ ರಚಿಸಿದ ಗಿಟ್ ಈ ಕ್ರಮವನ್ನು ತಲೆಕೆಳಗು ಮಾಡಿತು. ಅದರಲ್ಲಿ ಕೆಲಸ ಮಾಡುವವನ ಯಂತ್ರಕ್ಕೂ ಸಾಮಾನ್ಯವಾಗಿ ಪೂರ್ಣ ಚರಿತ್ರೆ ಇಳಿದುಬರುತ್ತದೆ. ೨೦೦೮ರಲ್ಲಿ ಬಂದ ಗಿಟ್‌ಹಬ್ ಅದೇ ಚರಿತ್ರೆಯನ್ನು ಜಾಲಪುಟದಲ್ಲಿ ತೆರೆದಿಟ್ಟಿತು. ಆದುದರಿಂದ ನಮ್ಮ ತರುಣರ ವಾದ ಯಾವ ಗುಂಡಿಯನ್ನು ಎಲ್ಲಿ ಒತ್ತಬೇಕೆಂಬುದಷ್ಟೇ ಅಲ್ಲ. ಚರಿತ್ರೆ ಯಾರ ಮನೆಯಲ್ಲಿರಬೇಕೆಂಬುದು.

ಜಾಲದ ಪಕ್ಷವನ್ನು ಹಗುರವಾಗಿ ತಳ್ಳಿಹಾಕಲಾಗದು. ಕಂಪ್ಲಿಯ ನಿವೃತ್ತ ಉಪಾಧ್ಯಾಯರೊಬ್ಬರು ಒಂದು ಮಹಾಪ್ರಾಣ ತಪ್ಪಿರುವುದನ್ನು ಕಂಡರೆನ್ನಿ. ಅವರ ಕೈಯಲ್ಲಿರುವುದು ಮೊಬೈಲು. ತಂತ್ರಾಂಶವನ್ನು ಸ್ಥಾಪಿಸಿ, ಇಡೀ ಭಂಡಾರವನ್ನು ಇಳಿಸಿಕೊಂಡು ಆಮೇಲೆ ತಿದ್ದಿರೆಂದರೆ ಅವರು ನಕ್ಕು ಸುಮ್ಮನಾಗುತ್ತಾರೆ. ತಪ್ಪು ಹಾಗೆಯೇ ಉಳಿಯುತ್ತದೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಬೆಳೆದದ್ದು ಜಾಲಪುಟದಲ್ಲಿಯೇ ತಿದ್ದುವವರಿಂದ. ಅಲ್ಲಿ ಪ್ರತಿಯೊಂದು ಹಳೆಯ ಪಾಠವೂ ಉಳಿದಿದೆ. ಸಂಡೂರಿನಲ್ಲಿ ಹುಟ್ಟಿ ಬಹುಕಾಲ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಕಥೆಗಾರ ವಸುಧೇಂದ್ರರೂ ಕೈಜೋಡಿಸಿದ ವಚನ ಸಂಚಯವು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಜಾಲದಲ್ಲಿ ಹುಡುಕಿ ಓದುವಂತೆ ಮಾಡಿತು. ಓದುವವನಿಗೆ ಜಾಲವೇ ಸೊಗಸು.

ಆದರೆ ಹೊತ್ತುಗಟ್ಟಲೆ ಕುಳಿತು ಪಾಠವನ್ನು ಕಟ್ಟುವವನ ಕಷ್ಟ ಬೇರೆ. ಕಥೆಯಲ್ಲಿ ಬರುವ ಒಂದು ಹೆಸರಿನ ಕಾಗುಣಿತವನ್ನು ಹನ್ನೆರಡು ಕಡತಗಳಲ್ಲಿ ತಿದ್ದಬೇಕಾಯಿತೆನ್ನೋಣ. ಜಾಲಪುಟದಲ್ಲಿ ಕಡತಗಳನ್ನು ಒಂದೊಂದಾಗಿ ತೆರೆದು ತಿದ್ದಿದರೆ ಒಂದೇ ನಿರ್ಧಾರವು ಚರಿತ್ರೆಯಲ್ಲಿ ಹನ್ನೆರಡು ಚೂರಾಗಿ ದಾಖಲಾಗುತ್ತದೆ. (ಈಚಿನ ಕೆಲವು ಜಾಲಸಂಪಾದಕಗಳು ಈ ಕೊರತೆಯನ್ನು ನೀಗಿಸಿವೆಯೆಂಬುದನ್ನು ಒಪ್ಪುತ್ತೇನೆ.) ಇದಕ್ಕಿಂತ ಸೂಕ್ಷ್ಮವಾದ ತೊಡಕು ಕನ್ನಡದ್ದೇ. ಯುನಿಕೋಡಿನಲ್ಲಿ ‘ಕೊ’ ಎಂಬಲ್ಲಿಯ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಪುಟವೆಲ್ಲ ಬದಲಾಯಿತೆಂದು ಜಾಲ ಬಣ್ಣ ಬಳಿದು ತೋರಿಸುತ್ತದೆ. ನಾವು ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣುವುದಿಲ್ಲ. ಹಸ್ತಪ್ರತಿಗಳ ಪಾಠಾಂತರದಲ್ಲಿ ಜೀವ ತೇಯ್ದ ನಮ್ಮ ಹಿರಿಯರೂ ಇಂಥ ಅದೃಶ್ಯ ಪಾಠಾಂತರವನ್ನು ಕಂಡಿರಲಾರರು! ಸ್ವಂತ ಯಂತ್ರದಲ್ಲಾದರೆ, ಒಪ್ಪಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಪುಟ್ಟ ಕಾರ್ಯಕ್ರಮವೊಂದನ್ನು ಕಾವಲಿಗಿಡಬಹುದು. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕಡತಗಳದೂ ಇದೇ ಗೋಳು. ಜಾಲಪುಟದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಬೀಳುತ್ತವೆ. ಆ ಅಕ್ಷರವಿನ್ಯಾಸವಿರುವ ಸ್ವಂತ ಯಂತ್ರದಲ್ಲಿ ಓದಲು ಬರುತ್ತವೆ.

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಹೇಳಬೇಕು. ಸ್ವಂತ ಯಂತ್ರದ ಮೇಲಿನ ಅಭಿಮಾನದಿಂದ ಮೂರು ವಾರಗಳ ಕೆಲಸವನ್ನು ನಾನು ದಿನವೂ ಕ್ರಮವಾಗಿ ಗಿಟ್ಟಿಗೆ ಒಪ್ಪಿಸಿದೆ. ಹೊರಗಿನ ಭಂಡಾರಕ್ಕೆ ಮಾತ್ರ ಕಳಿಸಲಿಲ್ಲ. ಒಪ್ಪಿಸುವುದು ಬೇರೆ, ಕಳಿಸುವುದು ಬೇರೆ. ಒಂದು ಬೆಳಗ್ಗೆ ಯಂತ್ರದ ತಟ್ಟೆ ಕೆಟ್ಟಿತು, ಚರಿತ್ರೆಯೂ ಅದರೊಡನೆ ಹೋಯಿತು. ಅದರಲ್ಲಿ ವೃದ್ಧೆಯೊಬ್ಬಳು ಹಾಡಿದ ಪಾಠವಿತ್ತು. ಕಾಗದದ ಮೇಲಿನ ಕರಡು ಸಿಕ್ಕಿತು. ಆಕೆಯೇ ಕೇಳಿ, ಅಲ್ಲವೆಂದು ತಲೆಯಾಡಿಸಿ ತಿದ್ದಿಸಿದ ತಿದ್ದುಪಡಿಗಳು ಸಿಗಲಿಲ್ಲ. ಮತ್ತೆ ಕೇಳೋಣವೆಂದರೆ ಅಷ್ಟರಲ್ಲಿ ಆಕೆ ತೀರಿಕೊಂಡಿದ್ದಳು. ಅದೇ ದಿನಗಳಲ್ಲಿ ಜಾಲಪುಟದಲ್ಲಿ ತಿದ್ದುತ್ತಿದ್ದ ಮಿತ್ರನ ಒಂದಕ್ಷರವೂ ಕಳೆಯಲಿಲ್ಲ.

ಹಾಗಿದ್ದರೂ ನನ್ನ ಮತ ಸ್ವಂತ ಯಂತ್ರದ ಕಡೆಗೇ. ಪಾಠದ ಹೊಣೆ ಹೊತ್ತವನ ಬಳಿ ಪೂರ್ಣ ಚರಿತ್ರೆಯ ಪ್ರತಿಯೊಂದು ಇರಬೇಕು. ದೂರದ ಸಂಸ್ಥೆ ನಾಳೆ ಬಾಗಿಲು ಮುಚ್ಚಿದರೂ ಕುಮಾರರಾಮನ ಕಥೆ ನಿಲ್ಲಬಾರದು. ಬಂದುಹೋಗುವವರು ತಿದ್ದುವುದಕ್ಕೆ ಜಾಲಪುಟ ತೆರೆದಿರಲಿ. ಕಾಲೇಜುಗಳಲ್ಲಿ ಜಾಲದ ಗುಂಡಿಗಳನ್ನಷ್ಟೇ ತೋರಿಸಿ ಪಾಠ ಮುಗಿಸುವ ರೂಢಿಯನ್ನು ನಾನು ಒಪ್ಪಲಾರೆ. ಮೊಬೈಲಿನ ಹೊರತು ಬೇರೆ ಯಂತ್ರವಿಲ್ಲದ ವಿದ್ಯಾರ್ಥಿಗೆ ಪ್ರಯೋಗಶಾಲೆಯನ್ನು ಸಂಜೆಯ ವೇಳೆಯೂ ತೆರೆದಿಡದೆ ಹೀಗೆ ಉಪದೇಶಿಸುವುದೂ ನ್ಯಾಯವಲ್ಲ.

ವಾದಿಸಿದ ತರುಣರಲ್ಲಿ ಒಬ್ಬನ ಊರು ಸಂಡೂರಿನ ಬೆಟ್ಟಗಳ ನಡುವೆ. ಅವನ ಮನೆಯಲ್ಲಿ ಜಾಲಸಂಪರ್ಕ ಬಂದುಹೋಗುವ ನೆಂಟ. ವಾರವೆಲ್ಲ ಅವನು ಮನೆಯಲ್ಲಿಯೇ ತಿದ್ದಿ ಒಪ್ಪಿಸುತ್ತಾನೆ. ಶನಿವಾರ ಬಸ್ಸು ಹತ್ತಿ ಹೊಸಪೇಟೆಗೆ ಬಂದು, ನಿಲ್ದಾಣದಲ್ಲಿ ಇಳಿದವನೇ, ಚಹಾಕ್ಕೂ ಮೊದಲು, ಎಲ್ಲವನ್ನೂ ಕಳಿಸಿಬಿಡುತ್ತಾನೆ.