ಪಕ್ಕದ ಮನೆಯ ಮಾತ್ರೆ

ದುಬೈ, ಶಾರ್ಜಾಗಳ ಹಳೆಯ ಕಟ್ಟಡಗಳಲ್ಲಿ ತಿಗಣೆಯ ಕಾಟ ಹೊಸದಲ್ಲ. ಅದಕ್ಕೆ ಕೆಲವರು ಕಂಡುಕೊಂಡ ಅಗ್ಗದ ಉಪಾಯ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ರಜೆಗೆ ಹೊರಡುವಾಗ ಇದನ್ನಿಟ್ಟು, ಬೀಗ ಹಾಕಿ ಹೋಗುವವರಿದ್ದಾರೆ! ನಮ್ಮ ಊರಿನಲ್ಲಿ ಇದು ಗೋದಾಮಿನ ಧಾನ್ಯಕ್ಕೆ ಹುಳು ಹಿಡಿಯದಂತೆ ಬಳಸುವ ವಸ್ತು. ಜನ ಮಲಗುವ ಮನೆಗೆ ಹೇಳಿದ್ದಲ್ಲ.

ಗಾಳಿಯ ತೇವ ತಗಲಿದರೆ ಸಾಕು, ಮಾತ್ರೆಯಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಈ ಕಡಲತೀರದಲ್ಲಿ ತೇವಕ್ಕೇನು ಕೊರತೆ? ಗೋಡೆಯ ಬಿರುಕು, ಪೈಪಿನ ಸಂದುಗಳಲ್ಲಿ ಅದು ಪಕ್ಕದ ಮನೆಗೆ ನುಸುಳುತ್ತದೆ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬರಬಹುದು, ಬಾರದೆಯೂ ಇರಬಹುದು. ಮಕ್ಕಳು ವಾಂತಿ ಮಾಡಿಕೊಂಡರೆ ಊಟ ಹಿಡಿಸಲಿಲ್ಲವೆಂದೇ ಮನೆಯವರು ತಿಳಿಯುತ್ತಾರೆ. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. 2019ರಲ್ಲಿ ಶಾರ್ಜಾದಲ್ಲಿ 10 ವರ್ಷದ ಬಾಲಕನೊಬ್ಬ ತೀರಿಕೊಂಡದ್ದು ನೆರೆಮನೆಯವರು ಬಳಸಿದ ಕೀಟನಾಶಕದಿಂದ.

ಮನೆಗಳಲ್ಲಿ ಇದರ ಬಳಕೆಗೆ ಯು.ಎ.ಇ.ಯಲ್ಲಿ ನಿಷೇಧವಿದೆ. ಆದರೂ ಕದ್ದು ಮಾರುವವರಿದ್ದಾರೆ, ಏಕೆಂದರೆ ಕೊಳ್ಳುವವರಿದ್ದಾರೆ. ಮುನಿಸಿಪಾಲಿಟಿಯ ಪರವಾನಗಿ ಪಡೆದ ಕಂಪನಿಯನ್ನು ಕರೆಸಲು ಖರ್ಚು ಹೆಚ್ಚೆಂಬುದು ನಿಜವೇ. ಆದರೆ ತಿಗಣೆ ಒಂದು ಫ್ಲ್ಯಾಟಿನದಲ್ಲ, ಇಡೀ ಕಟ್ಟಡದ್ದು. ಆ ಖರ್ಚನ್ನು ಕಟ್ಟಡದ ಮಾಲೀಕರೇ ಹೊರಬೇಕೆಂದು ಬಾಡಿಗೆದಾರರೆಲ್ಲ ಸೇರಿ ಕೇಳಬೇಕು. ಜೂನ್‌ನಲ್ಲಿ ಊರಿಗೆ ಹೊರಡುವ ಮೊದಲೇ ಕೇಳಿದರೆ ಒಳ್ಳೆಯದು.