ಪಾಳಿ ಬಂದಾಗ

ಶ್ರಾವಣ ಹತ್ತಿರವಾದಂತೆ ಪುಣೆಯ ನಮ್ಮ ಸಂಘದ ಸದಸ್ಯರಲ್ಲಿ ಕೆಲವರು ರಜೆಯ ಲೆಕ್ಕ ಹಾಕತೊಡಗುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಪೂಜಾರಿ ಮನೆತನದವರು ಇವರು. ಇಲ್ಲಿ ಒಬ್ಬರಿಗೆ ಕಾರ್ಖಾನೆ, ಇನ್ನೊಬ್ಬರಿಗೆ ಬ್ಯಾಂಕು. "ನಮ್ಮ ಪಾಳಿ ಬಂದೈತ್ರಿ, ಹೋಗಬೇಕು" ಎಂದಷ್ಟೇ ಹೇಳಿ ರಾತ್ರಿ ಬಸ್ಸು ಹತ್ತುತ್ತಾರೆ.

ಇಲ್ಲಿ ಹುಟ್ಟಿದ ಮಕ್ಕಳಿಗೆ ಪಾಳಿ ಎಂದರೆ ಕಾರ್ಖಾನೆಯ ಪಾಳಿ. ಊರಿನ ಪಾಳಿ ಬೇರೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲದ ಹಾಗೆ ಗುಡಿಯ ಪೂಜೆಯೂ ಪಾಲಾಗುತ್ತದೆ. ಅಜ್ಜನ ಕೈಯಲ್ಲಿ ವರ್ಷವಿಡೀ ಇದ್ದದ್ದು ಮೊಮ್ಮಕ್ಕಳ ಹೊತ್ತಿಗೆ ತಿಂಗಳಿಗೋ ಹದಿನೈದು ದಿನಕ್ಕೋ ಇಳಿದಿರುತ್ತದೆ. ಆದರೆ ಆ ಹದಿನೈದು ದಿನ ದೇವರಿಗೆ ನೀರು ಹಾಕುವ ಹೊಣೆ ಪೂರ್ತಿ ಅವರದೇ. ನಸುಕಿನಲ್ಲಿ ಮಡಿನೀರು ತರಬೇಕು, ಗರ್ಭಗುಡಿ ಒರೆಸಬೇಕು, ಹೂಗಾರರು ತಂದ ಪತ್ರಿ ಏರಿಸಬೇಕು, ಶನಿವಾರ ಹನುಮಪ್ಪನಿಗೆ ಎಕ್ಕಿ ಎಲೆಯ ಸರ ಕಟ್ಟಬೇಕು, ಮನೆಯಿಂದ ನೈವೇದ್ಯ ಒಯ್ಯಬೇಕು. ಸಂಜೆ ದೀಪ ಹಚ್ಚುವಾಗ ನೋಡಲು ಯಾರೂ ಇರದಿದ್ದರೂ ಹಚ್ಚಬೇಕು. ಬೀರಪ್ಪನಿಗೆ ಹಾಲುಮತದವರು, ಈಶ್ವರನಿಗೆ ಅಯ್ಯನವರು, ದುರ್ಗವ್ವನಿಗೆ ಅವಳದೇ ಒಕ್ಕಲು: ಜಾತಿ ಬೇರೆ, ಹೊಣೆ ಒಂದೇ.

ಇದರಿಂದ ಹೊಟ್ಟೆ ತುಂಬುವುದಿಲ್ಲ. ಹಿಂದೆ ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತರು ಆಯ ಕೊಡುತ್ತಿದ್ದರು. ದೇವರ ಹೆಸರಿನ ಇನಾಂ ಹೊಲವೂ ಇರುತ್ತಿತ್ತು. ಇನಾಂ ರದ್ದಾಗಿ, 1974ರ ಭೂಸುಧಾರಣೆ ಬಂದ ಮೇಲೆ ಎಷ್ಟೋ ಕಡೆ ಆ ಹೊಲ ಉಳುವವರ ಪಾಲಾಯಿತು. ಅದು ನ್ಯಾಯವೇ. ಆದರೆ ಪೂಜೆಯ ಖರ್ಚನ್ನು ಅಷ್ಟೇ ಗಟ್ಟಿಯಾಗಿ ಹೊರುವವರು ಮುಂದೆ ಬರಲಿಲ್ಲ. ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಪೇಟೆಪೇಟೆಗೂ ದೈವ ಮಂಡಳಿ ಇದೆ, ನಾಲ್ಕು ಮಂದಿ ಕೂತು ಗುಡಿಯ ಲೆಕ್ಕ ನೋಡುತ್ತಾರೆ. ಸಣ್ಣ ಹಳ್ಳಿಯ ಹನುಮಪ್ಪನಿಗೆ ಆ ಭಾಗ್ಯವಿಲ್ಲ. ಅಲ್ಲಿ ಎಣ್ಣೆಯ ದುಡ್ಡು ಪೂಜಾರಿಯ ಕಿಸೆಯದೇ.

ನದಿದಂಡೆಯ ಊರುಗಳ ಕಥೆ ಇನ್ನೂ ಕಠಿಣ. ಆಲಮಟ್ಟಿಯ ಹಿನ್ನೀರು ಬಂದು ಬೀಳಗಿ ತಾಲ್ಲೂಕಿನ ಊರುಗಳು ಎದ್ದಾಗ ಜನರೊಂದಿಗೆ ದೇವರೂ ಪುನರ್ವಸತಿ ಕೇಂದ್ರಕ್ಕೆ ಬಂದವು. ಹೊಸ ಗುಡಿಯಲ್ಲಿ ಮೊದಲ ದಿನದಿಂದಲೇ ಪಾಳಿ ತಪ್ಪದಂತೆ ನಡೆಸಿದವರು ಈ ಮನೆತನದವರು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅದು ಜಾರಿಯಾದ ದಿನ ಮತ್ತಷ್ಟು ಗುಡಿಗಳು ಜಾಗ ಬಿಡಬೇಕು. ಮನೆ, ಹೊಲಕ್ಕೆ ಪರಿಹಾರ ಕೇಳುವಾಗ ಪಾಳಿಯ ಮನೆತನಗಳನ್ನೂ ಊರಿನವರು ನೆನೆಯಲಿ ಎಂಬುದು ನಮ್ಮ ಬೇಡಿಕೆ.

ಪುಣೆಯ ನಾವೇನು ಮಾಡುತ್ತೇವೆ? ವಾಸ್ತುಶಾಂತಿಗೆ, ಕೂಸಿನ ಲಿಂಗಧಾರಣೆಗೆ, ಮಗಳ ಅಕ್ಕಿಕಾಳಿಗೆ ಊರಿನಿಂದಲೇ ಅಯ್ಯನವರನ್ನೋ ಆಚಾರ್ಯರನ್ನೋ ಕರೆಸುತ್ತೇವೆ. ನಮ್ಮ ಮುತ್ತಜ್ಜನ ಹೆಸರು ಗೊತ್ತಿರುವವರು, ಮನೆದೇವರು ಯಾವುದೆಂದು ಕೇಳದೆಯೇ ಸಂಕಲ್ಪ ಮಾಡುವವರು ಅವರೇ. ಕೆಲಸ ಮುಗಿದ ಮೇಲೆ ದಕ್ಷಿಣೆ ಕೊಟ್ಟು ಬಸ್ಸು ಹತ್ತಿಸುತ್ತೇವೆ. ಅವರು ಇಲ್ಲಿದ್ದ ಎರಡು ದಿನ ಅಲ್ಲಿಯ ಪೂಜೆ ಯಾರು ಮಾಡಿದರು ಎಂದು ನಾನಂತೂ ಬಹಳ ಕಾಲ ಕೇಳಿರಲಿಲ್ಲ. ಕಳೆದ ವರ್ಷ ಕೇಳಿದೆ. "ನಮ್ಮವ್ವ ಮಾಡ್ಯಾಳ್ರಿ" ಎಂದರು. ಆ ತಾಯಿಗೆ ವಯಸ್ಸು ಎಪ್ಪತ್ತರ ಮೇಲೆ.

ಜಾತ್ರೆಯ ಕಮಾನಿಗೆ, ಬೆಳ್ಳಿಯ ಕವಚಕ್ಕೆ ನಮ್ಮವರು ಧಾರಾಳವಾಗಿ ಕೊಡುತ್ತಾರೆ. ಕಲ್ಲಿನ ಮೇಲೆ ಹೆಸರು ಬರುತ್ತದೆ. ದಿನದ ಎಣ್ಣೆಗೂ ಅದೇ ಕೈ ಬೇಕು. ಅದಕ್ಕೇ ಈ ಸಂಚಿಕೆಯ ಕೊನೆಯ ಎರಡು ಪುಟಗಳನ್ನು ಖಾಲಿ ಬಿಟ್ಟಿದ್ದೇವೆ. ನಿಮ್ಮ ಊರು, ಗುಡಿ, ಈಗ ಪಾಳಿ ನಡೆಸುವ ಮನೆ, ಆ ಮನೆಯಲ್ಲಿ ಓದುವ ಮಕ್ಕಳು ಎಷ್ಟು ಎಂಬುದನ್ನು ಬರೆದು, ಹರಿದು, ಯುಗಾದಿಯ ಒಳಗೆ ಸಂಘದ ಕಚೇರಿಗೆ ಮುಟ್ಟಿಸಿರಿ.