ಓಟ ಮುಗಿದ ಕುದುರೆಯ ಹೊಣೆ ಯಾರದು?

2025ರ ಬೇಸಿಗೆಯಲ್ಲಿ ಹೈದರಾಬಾದಿನಿಂದ ಮಧ್ಯಪ್ರದೇಶದ ಜಬಲ್ಪುರದ ಬಳಿಯ ಹಳ್ಳಿಯೊಂದಕ್ಕೆ 57 ಕುದುರೆಗಳನ್ನು ಲಾರಿಗಳಲ್ಲಿ ಸಾಗಿಸಲಾಯಿತು. ತಲುಪಿದ ಕೆಲವೇ ದಿನಗಳಲ್ಲಿ ಎಂಟು ಕುದುರೆಗಳು ಸತ್ತವು. ಆನ್‌ಲೈನ್ ಬಾಜಿಗಾಗಿ ಇವನ್ನು ಓಡಿಸಲಾಗುತ್ತಿತ್ತು, ಆ ವ್ಯವಹಾರ ನಿಂತ ಮೇಲೆ ಮೇವಿಗೂ ಗತಿಯಿಲ್ಲದೆ ಬಿಡಲಾಗಿತ್ತು ಎಂಬ ಆರೋಪ ಕೇಳಿಬಂತು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ನಮ್ಮ ಸಮಾಜ ಯೋಚಿಸಬೇಕಾದ ಸಂಗತಿ ಬೇರೆ. ಓಟ ನಿಂತ ದಿನ ಕುದುರೆಯ ಮೇವಿನ ಖರ್ಚು ಯಾರ ಲೆಕ್ಕಕ್ಕೆ ಸೇರುತ್ತದೆ ಎಂಬುದು ಮೊದಲೇ ಬರೆದಿಟ್ಟಿರದಿದ್ದರೆ ಹೀಗೆಯೇ ಆಗುತ್ತದೆ.

ಥರೋಬ್ರೆಡ್ ಜಾತಿಯ ಕುದುರೆ ಎರಡು ವರ್ಷ ತುಂಬಿದ ಮೇಲೆ ಪಂದ್ಯಕ್ಕಿಳಿಯುತ್ತದೆ. ಹೆಚ್ಚಿನವುಗಳ ಓಟ ಆರೇಳು ವರ್ಷಕ್ಕೆ ಮುಗಿದುಹೋಗುತ್ತದೆ. ಕಾಲಿನ ಸ್ನಾಯುರಜ್ಜು ಹರಿದರೆ ಇನ್ನೂ ಬೇಗ. ಆದರೆ ಕುದುರೆಯ ಆಯುಸ್ಸು 25 ವರ್ಷ, ಚೆನ್ನಾಗಿ ಸಾಕಿದರೆ 30. ಎಂದರೆ ನಾಲ್ಕೈದು ವರ್ಷ ದುಡಿಮೆ, ಇಪ್ಪತ್ತು ವರ್ಷ ನಿವೃತ್ತಿ. ಒಳ್ಳೆಯ ಹೆಣ್ಣು ಕುದುರೆಗಳು ಮರಿ ಹಾಕಲು ಸ್ಟಡ್ ಫಾರ್ಮಿಗೆ ಹೋಗುತ್ತವೆ, ಗಂಡುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಮಾತ್ರ ಆ ಭಾಗ್ಯ. ಉಳಿದವುಗಳಲ್ಲಿ ಅನೇಕವು ಬೀಜ ಒಡೆಸಿಕೊಂಡವು. ಅದೃಷ್ಟವಿದ್ದರೆ ಸವಾರಿ ಶಾಲೆ ಸಿಗುತ್ತದೆ. ಇಲ್ಲದಿದ್ದರೆ ಮದುವೆ ಮೆರವಣಿಗೆ, ಟಾಂಗಾ, ಕೈಯಿಂದ ಕೈಗೆ ಮಾರಾಟ. ಪ್ರತಿ ಮಾರಾಟದಲ್ಲೂ ಮೇವು ಸ್ವಲ್ಪ ಕಡಿಮೆ, ಕೆಲಸ ಸ್ವಲ್ಪ ಹೆಚ್ಚು.

ಕುದುರೆ ನಮಗೆ ಹೊರಗಿನದಲ್ಲ. ಮೂರನೆಯ ತೀರ್ಥಂಕರ ಸಂಭವನಾಥ ಸ್ವಾಮಿಯ ಲಾಂಛನವೇ ಅಶ್ವ. ಅದಕ್ಕಿಂತ ಮುಖ್ಯವಾಗಿ, ತತ್ತ್ವಾರ್ಥಸೂತ್ರ ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳನ್ನು ರೇಸ್ ಕುದುರೆಯ ಬದುಕಿನ ಪಕ್ಕದಲ್ಲಿಟ್ಟು ನೋಡಬೇಕು. ಬಂಧ: ಗುಂಪಿನಲ್ಲಿ ಮೇಯುತ್ತಾ ಅಲೆಯಬೇಕಾದ ಪ್ರಾಣಿ ದಿನದ ಬಹುಪಾಲು ಲಾಯದ ನಾಲ್ಕು ಗೋಡೆಗಳ ನಡುವೆ ನಿಂತಿರುತ್ತದೆ. ವಧ, ಅಂದರೆ ಇಲ್ಲಿ ಹೊಡೆಯುವುದು: ಜಾಕಿಯ ಕೈಯಲ್ಲಿ ಚಾವಟಿ ಇದ್ದೇ ಇದೆ. ಛೇದ: ಬೀಜ ಒಡೆಯುವುದು. ಅತಿಭಾರಾರೋಪಣವಂತೂ ಹ್ಯಾಂಡಿಕ್ಯಾಪ್ ಪಂದ್ಯದ ನಿಯಮವೇ ಆಗಿದೆ. ಗೆದ್ದ ಕುದುರೆಯ ಬೆನ್ನ ಮೇಲೆ ಮುಂದಿನ ಸಲ ಹೆಚ್ಚು ತೂಕ ಹೇರುತ್ತಾರೆ. ಐದನೆಯದು ಅನ್ನಪಾನನಿರೋಧ. ಓಡುವ ಕಾಲದಲ್ಲಿ ಈ ದೋಷವಿಲ್ಲ. ಆಗ ಹುರುಳಿ, ಓಟ್ಸ್, ಕುದುರೆಮಸಾಲೆ ಸೊಪ್ಪು, ವೈದ್ಯರು, ಎಲ್ಲವೂ ಲಾಯಕ್ಕೇ ಬರುತ್ತವೆ. ಐದನೆಯ ಅತಿಚಾರ ಶುರುವಾಗುವುದು ನಿವೃತ್ತಿಯ ಮಾರನೆಯ ದಿನ. ಹೀಗಾಗಿ ಚಾವಟಿಯ ಬಗ್ಗೆ ನಡೆದಷ್ಟು ಚರ್ಚೆ ಇದರ ಬಗ್ಗೆ ನಡೆಯುವುದಿಲ್ಲ. ಅದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ನಡೆಯುವ ಹಿಂಸೆ.

ಕಾನೂನು ಇಲ್ಲವೆಂದಲ್ಲ. ಸಾಕುಪ್ರಾಣಿ ಹಸಿವಿನಿಂದ ನರಳುವಂತೆ ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಬೆಂಗಳೂರಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದ ಮೊತ್ತ. ಹಸಿವು, ಬಾಯಾರಿಕೆಗಳಿಂದ ಮುಕ್ತವಾಗಿರುವುದೂ ಸೇರಿದಂತೆ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಸುಪ್ರೀಂ ಕೋರ್ಟ್ 2014ರ ಜಲ್ಲಿಕಟ್ಟು ತೀರ್ಪಿನಲ್ಲಿ ಎತ್ತಿಹಿಡಿದಿತ್ತು. ಅದೇ ನ್ಯಾಯಾಲಯ 1996ರಲ್ಲಿ ಕುದುರೆ ಪಂದ್ಯ ಕೌಶಲದ ಆಟ, ಜೂಜಲ್ಲ ಎಂದಿತ್ತು. ಕಾನೂನಿನ ಕಣ್ಣಿಗೆ ಅದು ಏನೇ ಇರಲಿ, ಸಪ್ತವ್ಯಸನಗಳ ಪಟ್ಟಿಯಲ್ಲಿ ದ್ಯೂತಕ್ಕೆ ಮೊದಲ ಸ್ಥಾನವಿರುವ ಮನೆಗಳಲ್ಲಿ ಬೆಳೆದ ನಮಗೆ ಈ ಬಗ್ಗೆ ಗೊಂದಲವಿರಬೇಕಿಲ್ಲ.

ಆದರೆ ಒಂದು ಎಚ್ಚರಿಕೆಯ ಮಾತು. ರೇಸ್ ಕೋರ್ಸ್ ಮುಚ್ಚಿದ ಸುದ್ದಿ ಬಂದರೆ ನಮ್ಮಲ್ಲಿ ಹಲವರು "ಒಳ್ಳೆಯದಾಯಿತು" ಎಂದು ಸುಮ್ಮನಾಗುತ್ತಾರೆ. ಚೆನ್ನೈನ ಗಿಂಡಿ ರೇಸ್ ಕೋರ್ಸಿನ ಭೂಮಿಯನ್ನು ತಮಿಳುನಾಡು ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ವಶಕ್ಕೆ ಪಡೆಯಿತು. ಅದೇ ವರ್ಷದ ಜೂನ್‌ನಲ್ಲಿ ಬೆಂಗಳೂರು ಟರ್ಫ್ ಕ್ಲಬ್ಬಿನ ಪರವಾನಗಿ ವಿವಾದ ಹೈಕೋರ್ಟಿಗೆ ಹೋಗಿ ಓಟಗಳು ಕೆಲಕಾಲ ನಿಂತವು. ಬಾಜಿಯ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರಿನಿಂದ ಪೂರ್ತಿ ಮೊತ್ತದ ಮೇಲೆ ಶೇ 28, 2025ರ ಸೆಪ್ಟೆಂಬರ್ 22ರಿಂದ ಶೇ 40. ಈ ಉದ್ಯಮ ಕುಗ್ಗುವ ಲಕ್ಷಣಗಳಿವೆ. ಕುಗ್ಗಲಿ, ಅದಕ್ಕೆ ನಾವು ಕಣ್ಣೀರು ಹಾಕಬೇಕಿಲ್ಲ. ಆದರೆ ಜೂಜು ನಿಂತರೂ ಕುದುರೆಯ ಹೊಟ್ಟೆ ನಿಲ್ಲುವುದಿಲ್ಲ. ಆದಾಯ ಕುಸಿದ ಮಾಲೀಕ ಮೊದಲು ಕೈಬಿಡುವುದು ಓಡಲಾರದ ಕುದುರೆಯನ್ನೇ. ನೂರು ರೂಪಾಯಿಗೆ ನಲವತ್ತರ ದರದಲ್ಲಿ ತೆರಿಗೆ ಪಡೆಯುವ ಸರ್ಕಾರ, ಅದರಲ್ಲಿ ನಿವೃತ್ತ ಕುದುರೆಗೆಂದು ಒಂದು ರೂಪಾಯಿಯನ್ನೂ ಮೀಸಲಿಟ್ಟಿಲ್ಲ.

ಹೊರದೇಶಗಳು ಈ ಪಾಠವನ್ನು ಕಹಿಯಾಗಿಯೇ ಕಲಿತವು. 1986ರ ಕೆಂಟಕಿ ಡರ್ಬಿ ಗೆದ್ದ ಫರ್ಡಿನೆಂಡ್ ಜಪಾನಿಗೆ ಮಾರಾಟವಾಗಿ 2002ರಲ್ಲಿ ಕಸಾಯಿಖಾನೆ ಸೇರಿತು. ಅಮೆರಿಕದಲ್ಲಿ ನಿವೃತ್ತ ಕುದುರೆಗಳ ಆಶ್ರಯತಾಣಗಳನ್ನು ಪರಿಶೀಲಿಸಿ ಅನುದಾನ ಕೊಡುವ ಥರೋಬ್ರೆಡ್ ಆಫ್ಟರ್‌ಕೇರ್ ಅಲಯನ್ಸ್ 2012ರಲ್ಲಿ ಹುಟ್ಟಿತು. ಅದರ ನಿಧಿಗೆ ರೇಸಿಂಗ್ ಉದ್ಯಮದವರೇ ಹಣ ಕೊಡುತ್ತಾರೆ. ಬ್ರಿಟನ್ನಿನಲ್ಲಿ 2022ರಿಂದ, ಮಾಂಸಕ್ಕೆ ಬಳಸಬಾರದೆಂದು ದಾಖಲೆಯಲ್ಲಿ ಬರೆಸದ ಕುದುರೆ ಪಂದ್ಯದಲ್ಲಿ ಓಡುವಂತಿಲ್ಲ.

ಹಾಗಾದರೆ ನಮ್ಮ ಪಿಂಜರಾಪೋಲುಗಳು ಈ ಕುದುರೆಗಳನ್ನು ತೆಗೆದುಕೊಳ್ಳಬಹುದೆ? ತೆಗೆದುಕೊಳ್ಳಬೇಕು, ಆದರೆ ಕುದುರೆ ಹಸುವಲ್ಲ ಎಂದು ತಿಳಿದುಕೊಂಡು. ಕುದುರೆ ಮೆಲುಕು ಹಾಕುವುದಿಲ್ಲ, ವಾಂತಿಯನ್ನೂ ಮಾಡಲಾರದು. ಬೂಷ್ಟು ಹಿಡಿದ ಹುಲ್ಲು ತಿಂದರೆ ಹೊಟ್ಟೆಶೂಲೆ ಬಂದು ಒಂದೇ ರಾತ್ರಿಯಲ್ಲಿ ಸಾಯಬಹುದು. ಪರ್ವದ ದಿನ ಶ್ರದ್ಧೆಯಿಂದ ತಂದು ಸುರಿಯುವ ಬೆಲ್ಲ, ಬಾಳೆಹಣ್ಣು, ಅನ್ನ ಇವೇ ಅದರ ಗೊರಸಿನೊಳಗೆ ಉರಿಯೂತ ತರಿಸಿ ನಿಲ್ಲಲಾರದಂತೆ ಮಾಡುತ್ತವೆ. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ವರ್ಷಕ್ಕೊಮ್ಮೆಯಾದರೂ ಹಲ್ಲಿನ ಮೊನಚು ಅರದಿಂದ ಉಜ್ಜಬೇಕು. ಹಲ್ಲು ಹೋದ ಮುದಿ ಕುದುರೆಗೆ ಮೇವನ್ನು ನೆನೆಸಿ ಮೆತ್ತಗೆ ಮಾಡಿ ಕೊಡಬೇಕು. ಹಸುಗಳ ಆರೈಕೆಯಲ್ಲಿ ಪಳಗಿದ ಕೈಗಳಿಗೂ ಇದು ಹೊಸ ಕೆಲಸ.

ಇನ್ನೊಂದು ಕಷ್ಟದ ಸಂಗತಿ ಗ್ಲಾಂಡರ್ಸ್. ಮನುಷ್ಯರಿಗೂ ಹರಡುವ ಈ ರೋಗ ದೃಢಪಟ್ಟರೆ ಸರ್ಕಾರಿ ನಿಯಮದಂತೆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಬೇಕು. ಜೀವ ಉಳಿಸಲೆಂದು ಕಟ್ಟಿದ ಸಂಸ್ಥೆಯ ಆವರಣದಲ್ಲಿ ಇದು ನಡೆಯುವುದನ್ನು ಯಾವ ಟ್ರಸ್ಟಿ ತಾನೆ ಸಹಿಸಬಲ್ಲ? ಇದಕ್ಕೆ ಸುಲಭದ ಉತ್ತರವಿಲ್ಲ. ಒಳಗೆ ಬಿಡುವ ಮೊದಲೇ ರಕ್ತಪರೀಕ್ಷೆ, ಪ್ರತ್ಯೇಕ ಕೊಟ್ಟಿಗೆ ಇದ್ದರೆ ಉಳಿದವುಗಳ ಪ್ರಾಣವಾದರೂ ಉಳಿಯುತ್ತದೆ. ಕಾಲು ಮುರಿದ ಕುದುರೆಯನ್ನು ಮುಗಿಸಿಬಿಡುವುದೇ ದಯೆ ಎಂಬ ವಾದವನ್ನು ಸಲ್ಲೇಖನದ ಹೆಸರಿನಲ್ಲಿ ಸಮರ್ಥಿಸುವವರೂ ಇದ್ದಾರೆ. ಅದು ತಪ್ಪು. ಸಲ್ಲೇಖನ ತಾನಾಗಿ ತೆಗೆದುಕೊಳ್ಳುವ ವ್ರತ, ಇನ್ನೊಬ್ಬರು ಮಾಡುವ ತೀರ್ಮಾನವಲ್ಲ. ಆದರೆ ಸಾಯಿಸುವುದಿಲ್ಲ ಎಂದವರು ನೋವು ಕಳೆಯುವ ಔಷಧಿಗೆ ಹಣವಿಟ್ಟಿರಲೇಬೇಕು. ಇಲ್ಲದಿದ್ದರೆ ಆ ಮಾತಿಗೆ ತೂಕವಿಲ್ಲ.

ಹಣದ ವಿಷಯದಲ್ಲಿ ನಮ್ಮ ಸಂಸ್ಥೆಗಳು ಸ್ವಲ್ಪ ನಿಷ್ಠುರವಾಗಬೇಕು. ಕುದುರೆಯನ್ನು ದಾನವಾಗಿ ಕೊಟ್ಟೆ ಎಂದು ಮಾಲೀಕ ಫೋಟೋ ತೆಗೆಸಿಕೊಂಡು ಹೋಗುತ್ತಾನೆ. ವಾಸ್ತವದಲ್ಲಿ ಅವನು ಕೊಟ್ಟಿದ್ದು ಇಪ್ಪತ್ತು ವರ್ಷದ ಖರ್ಚು. ಶ್ರಾವಕರು ಅಭಯದಾನಕ್ಕೆಂದು ಕೊಟ್ಟ ಹಣ ಹೀಗೆ ಜೂಜಿನ ಉದ್ಯಮದ ನಷ್ಟ ತುಂಬಲು ಹೋದರೆ, ಲಾಯದಲ್ಲಿ ಖಾಲಿಯಾದ ಜಾಗಕ್ಕೆ ಮತ್ತೊಂದು ಎರಡು ವರ್ಷದ ಮರಿ ಬರುತ್ತದೆ. ಹಾಗೆಂದು ಬಾಗಿಲಿಗೆ ಬಂದ ಪ್ರಾಣಿಯನ್ನು ಮಾಲೀಕನ ತಪ್ಪಿಗಾಗಿ ಹಿಂದಕ್ಕೆ ಕಳಿಸುವಂತಿಲ್ಲ. ಆದ್ದರಿಂದ ಮಾತುಕತೆ ಬಾಗಿಲಿಗೆ ಬರುವ ಮೊದಲೇ ನಡೆಯಬೇಕು, ಕ್ಲಬ್ಬುಗಳ ಜೊತೆ, ಸರ್ಕಾರದ ಜೊತೆ. ಪ್ರತಿ ಕುದುರೆ ನೋಂದಣಿಯಾಗುವಾಗಲೇ, ಪ್ರತಿ ಪಂದ್ಯದ ಬಹುಮಾನದ ಹಣದಿಂದಲೂ, ನಿವೃತ್ತಿ ನಿಧಿಗೆ ಒಂದು ಭಾಗ ಕಡಿತವಾಗಲಿ. ಪಂದ್ಯದಿಂದ ಹೊರಬಿದ್ದ ಕುದುರೆ ಯಾರ ಬಳಿ ಹೋಯಿತೆಂಬ ದಾಖಲೆಯನ್ನು ಕ್ಲಬ್ ಇಡಲಿ. ಕುದುರೆಗಳಿಗೆ ಮೈಕ್ರೋಚಿಪ್ ಇರುವಾಗ ಇದು ಅಸಾಧ್ಯವಲ್ಲ.

ಬೆಂಗಳೂರು ರೇಸ್ ಕೋರ್ಸ್ ಸ್ಥಳಾಂತರದ ಮಾತು ವರ್ಷಗಳಿಂದ ನಡೆದಿದೆ. ಹೊಸ ಜಾಗ, ಹೊಸ ಗುತ್ತಿಗೆ, ಹೊಸ ಷರತ್ತುಗಳನ್ನು ಬರೆಯುವ ಹೊತ್ತಿನಲ್ಲಿ ಮುದಿ ಕುದುರೆಗಳ ಮೇವಿಗೆಂದು ಒಂದು ಕಲಮು ಸೇರಿಸುವಂತೆ ಕೇಳುವುದು ಸುಲಭ. ಸಹಿ ಬಿದ್ದ ಮೇಲೆ ಕಷ್ಟ. ಜೈನ ಸಂಘಗಳ ಮನವಿ ಪತ್ರ ಪಶುಸಂಗೋಪನಾ ಸಚಿವರ ಮೇಜಿಗೆ ಹೋಗಬೇಕಾದದ್ದು ಅದಕ್ಕೆ ಮೊದಲು.